ಗ್ರಹಣಕ್ಕೆ ಮುಂಚೆಯೇ

ಶಾಂತಿಗ್ರಾಮದ ಶಿವಗಂಗಮ್ಮನಿಗೆ ಚೊಚ್ಚಲ ಹೆರಿಗೆಯಾದದ್ದು ೧೯೩೬ರ ಮಾಗಿಯಲ್ಲಿ. ಹೆಣ್ಣುಮಗು ಗಟ್ಟಿಯಾಗಿ ಅತ್ತಿತು, ಮೈಕೈ ತುಂಬಿಕೊಂಡಿತ್ತು. ಆದರೆ ಮೀಯಿಸಲು ಎತ್ತಿಕೊಂಡ ಸೂಲಗಿತ್ತಿ ಬೆಟ್ಟಮ್ಮ ಅದನ್ನು ದೀಪದ ಹತ್ತಿರ ಹಿಡಿದು ನೋಡಿದಳು. ಕಿಬ್ಬೊಟ್ಟೆಯ ಮೇಲೆ ಚರ್ಮವೇ ಇಲ್ಲದೆ, ರೂಪಾಯಿಯಗಲ ಕೆಂಪು ಮಾಂಸ ಉಬ್ಬಿಕೊಂಡಿತ್ತು. ಎಷ್ಟು ಒರೆಸಿದರೂ ಅದು ಒದ್ದೆಯಾಗುತ್ತಲೇ ಇತ್ತು.

ಅತ್ತೆ ಗುರುಸಿದ್ದಮ್ಮನಿಗೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಏಳನೇ ತಿಂಗಳಲ್ಲಿ ಗ್ರಹಣ ಹಿಡಿದಾಗ ಸೊಸೆ ಈಳಿಗೆಮಣೆಯ ಮುಂದೆ ಕೂತು ಕುಂಬಳಕಾಯಿ ಹೆಚ್ಚಿದ್ದಳು. ಅತ್ತೆ ಅದನ್ನು ಬಂದವರಿಗೆಲ್ಲ ಹೇಳಿದಳು. ಶಿವಗಂಗಮ್ಮ ಅಲ್ಲವೆನ್ನಲಿಲ್ಲ, ಹೆಚ್ಚಿದ್ದು ನಿಜವಾಗಿತ್ತು.

ಹುಣ್ಣೆಂದು ಹದಿನೈದು ದಿನ ಸೊಪ್ಪಿನ ರಸ ಹಚ್ಚಿದರು. ಮಗು ಕಿರುಚುತ್ತಿತ್ತು. ಕೊನೆಗೆ ಬೆಟ್ಟಮ್ಮನೇ ಶಿವಗಂಗಮ್ಮನ ಗಂಡ ಷಡಕ್ಷರಿಗೆ ಹೇಳಿ ಹಾಸನಕ್ಕೆ ಗಾಡಿ ಕಟ್ಟಿಸಿದಳು.

ಆಸ್ಪತ್ರೆಯ ಲೇಡಿ ಡಾಕ್ಟರು ಮಗುವನ್ನು ಕಿಟಕಿಯ ಬೆಳಕಿಗೆ ಮಲಗಿಸಿ, ಆ ಜಾಗವನ್ನು ಹತ್ತಿಯಿಂದ ಮೆಲ್ಲಗೆ ಒತ್ತಿ ಒಣಗಿಸಿ, ಬಗ್ಗಿ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಸೂಜಿಮೊನೆಯಷ್ಟು ಎರಡು ಕಡೆ ಹನಿ ಮೂಡಿತು. ಕೆಳಗಿನ ಮೂಳೆಯನ್ನು ಬೆರಳಿನಿಂದ ತಡವಿದರು. ಅದೂ ನಡುವೆ ಕೂಡಿರಲಿಲ್ಲ.

“ಇದು ಹುಣ್ಣಲ್ಲಮ್ಮ, ಒಸರ್ತಾ ಇರೋದು ಮೂತ್ರ. ಮೂತ್ರದ ಚೀಲವೇ ತೆರೆದುಕೊಂಡು ಹೊರಗೆ ಕಾಣ್ತಾ ಇದೆ. ಅದರ ಮುಂದಿನ ಹೊಟ್ಟೆಯ ಗೋಡೆಯೂ ಕೂಡಿಲ್ಲ.”

ಮದರಾಸಿನಲ್ಲಿ ಆಪರೇಷನ್ ಮಾಡುವವರಿದ್ದಾರೆ, ಆದರೆ ಇಷ್ಟು ಎಳೆಯ ಮಗು ಅದರಲ್ಲಿ ಉಳಿಯುವುದು ಕಷ್ಟ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಶಿವಗಂಗಮ್ಮ ಕೇಳಿದಳು: “ಏಳ್ ತಿಂಗ್ಳಲ್ಲಿ, ಗ್ರಾಣದಾಗೆ ಕುಂಬಳಕಾಯಿ ಎಚ್ಚಿದ್ದೆ ಕಣವ್ವ. ಅದ್ಕೇ ಇಂಗಾಯ್ತಾ?”

“ಇಲ್ಲ. ಇದು ಆಗೋದು ಮೊದಲ ಮೂರು ತಿಂಗಳೊಳಗೆ. ಗ್ರಹಣಕ್ಕೆ ಮುಂಚೆಯೇ ಆಗಿಹೋಗಿತ್ತು. ನಿನ್ನ ತಪ್ಪೇನೂ ಇಲ್ಲ.”

ಷಡಕ್ಷರಿ ಪಕ್ಕದಲ್ಲೇ ನಿಂತಿದ್ದ. ಮನೆ ಸೇರಿದಾಗ ಅವನ ತಾಯಿ ಮತ್ತೆ ಕುಂಬಳಕಾಯಿಯ ಮಾತು ತೆಗೆದಳು. ಅವನು ಸುಮ್ಮನೆ ಎತ್ತು ಬಿಚ್ಚಲು ಹೋದ.

ಮಗುವಿಗೆ ನೀಲಾಂಬಿಕೆ ಎಂದು ಹೆಸರಿಟ್ಟರು. ಮದರಾಸಿಗೆ ಹೋಗುವುದು ಕೊನೆಗೂ ಆಗಲಿಲ್ಲ. ಹಳೇ ಸೀರೆ ಹರಿದು, ಕುದಿಸಿ, ಒಣಗಿಸಿ, ಕೊಬ್ಬರಿ ಎಣ್ಣೆ ಸವರಿದ ಬಟ್ಟೆಯನ್ನು ಗಂಟೆಗೊಮ್ಮೆ ಬದಲಿಸುವುದೇ ಶಿವಗಂಗಮ್ಮನ ದಿನವಾಯಿತು. ಹುಡುಗಿ ತಡವಾಗಿ, ಕಾಲು ಅಗಲಿಸಿ ನಡೆಯಲು ಕಲಿತಳು. ವಾಸನೆಯೆಂದು ಓರಗೆಯ ಮಕ್ಕಳು ಹತ್ತಿರ ಕೂರಿಸಿಕೊಳ್ಳುತ್ತಿರಲಿಲ್ಲ. ಆರು ವರ್ಷದವಳಿದ್ದಾಗ ಒಮ್ಮೆ, “ಕುಂಬಳಕಾಯಿ ಯಾಕವ್ವ ಎಚ್ಚಿದ್ದೆ?” ಎಂದು ಕೇಳಿದಳು. ತಾಯಿ ಡಾಕ್ಟರ ಮಾತನ್ನೆಲ್ಲ ಬಿಡಿಸಿ ಹೇಳಿದಳು. ಹುಡುಗಿ ನಂಬಲೋ ಬೇಡವೋ ಎಂಬಂತೆ ಅಪ್ಪನ ಮುಖ ನೋಡಿದಳು. ಅವನು ಆಗಲೂ ಬಾಯಿ ಬಿಡಲಿಲ್ಲ.

ಒಂಬತ್ತನೇ ವರ್ಷದಲ್ಲಿ ನೀಲಾಂಬಿಕೆ ಚಳಿಜ್ವರ ಬಂದು, ಸೊಂಟ ನೋಯುತ್ತದೆಂದು ನರಳಿ, ನಾಲ್ಕನೇ ದಿನ ತೀರಿಕೊಂಡಳು. ಹೊಲದ ಬದಿಯಲ್ಲಿ ಮಣ್ಣು ಮಾಡಿದರು. ಮಾರನೆಯ ವಾರ ಶಿವಗಂಗಮ್ಮ ಹಗ್ಗದ ಮೇಲಿನ ಬಟ್ಟೆಗಳನ್ನು ತೆಗೆಯುತ್ತಿದ್ದಾಗ ಷಡಕ್ಷರಿ ಹತ್ತಿರ ಬಂದು ನಿಂತ.

“ಡಾಕ್ಟ್ರಮ್ಮ ಏಳಿದ್ದು ನಾನೂ ಕೇಳಿಸ್ಕಂಡಿದ್ದೆ ಕಣೆ. ಅವ್ವಂಗೆ ಏಳ್ಬೇಕಿತ್ತು.”

ಗುರುಸಿದ್ದಮ್ಮ ಸತ್ತು ಆಗ ಎರಡು ವರ್ಷವಾಗಿತ್ತು.

“ನೀಲಂಗಾದ್ರೂ ಏಳ್ಬೋದಿತ್ತು,” ಎಂದಳು ಶಿವಗಂಗಮ್ಮ.

ಮರುದಿನ ದುದ್ದದಲ್ಲಿದ್ದ ತನ್ನ ತವರಿಗೆ ಹೋದವಳು ರಾಗಿ ಕೊಯ್ಲಿನ ಹೊತ್ತಿಗೆ ತಾನಾಗಿಯೇ ಬಂದು, ಕುಡುಗೋಲು ಹಿಡಿದು ಹೊಲಕ್ಕೆ ಇಳಿದಳು.