ಕುರಿದೊಡ್ಡಿಯ ಜಪಾನ್ ಕಾರು

ಆಗದು ಅಂದವರು ಸಣ್ಣ ಸಾವುಕಾರ್ರು, ಶಿವರುದ್ರಪ್ಪನವರು. ಆದೋನಿಯ ಅವರ ಹತ್ತಿ ಮಿಲ್ಲಿನ ಅಂಗಳದಲ್ಲಿ ನಿಂತು, ಗುಮಾಸ್ತನಿಂದ ಹಿಡಿದು ಹಮಾಲರವರೆಗೆ ಎಲ್ಲರಿಗೂ ಕೇಳುವಂತೆ, ಒಂದು ಕೆಟ್ಟ ಕಾರು ತೋರಿಸಿ ನನ್ನ ಅಪ್ಪನಿಗೆ ಅಂದಿದ್ದರು: "ಗಾದೆಪ್ಪಾ, ಈ ಡಬ್ಬಿ ಚಾಲೂ ಆಗೋದೂ ಒಂದಽ, ನಿನ್ನ ಮಗಳು ಡಿಗ್ರಿ ಪಾಸಾಗೋದೂ ಒಂದಽ. ಎರಡೂ ಅಯ್ಯೇ ಪನಿ ಕಾದು, ಆಗೋ ಕೆಲಸಲ್ಲ." ಹಮಾಲರು ನಕ್ಕರು. ಅಪ್ಪನೂ ನಕ್ಕ. ಸಾವುಕಾರ್ರು ಹೇಳಿದ ಮಾತಿಗೆ ನಗುವುದು ಕೂಡ ಮಿಲ್ಲಿನ ಕೆಲಸದೊಳಗೆ ಬರುತ್ತಿತ್ತು. ಆಮೇಲೆ ಎರಡೂ ಆದವು. ಹೇಗಾದವು ಅನ್ನುವುದನ್ನು ನಾನೇ ಬರೆಯಬೇಕಾಗಿದೆ, ಯಾಕೆಂದರೆ ಬೇರೆಯವರು ಅದನ್ನು ಬೇರೆ ಥರ ಹೇಳಿ ಮುಗಿಸಿದ್ದಾರೆ.

ನನ್ನ ಬೀರುವಿನಲ್ಲಿ, ಸೀರೆಗಳ ಅಡಿಗೆ, ಒಂದು ದಪ್ಪ ಪುಸ್ತಕವಿದೆ. ಆ ಕಾರಿನ ರಿಪೇರಿ ಪುಸ್ತಕ. ಒಂದು ಮೂಲೆಯನ್ನು ಇಲಿ ತಿಂದಿದೆ, ಪುಟಪುಟಕ್ಕೂ ಅಪ್ಪನ ಹೆಬ್ಬೆರಳಿನ ಕರಿ ಗುರುತು. ತೆರೆದರೆ ಇವತ್ತಿಗೂ ಪೆಟ್ರೋಲು, ಹತ್ತಿಬೀಜದ ಧೂಳು, ಒದ್ದೆ ಕಂಬಳಿ ಮೂರೂ ಕೂಡಿದ ಒಂದು ವಾಸನೆ ಏಳುತ್ತದೆ. ನಮ್ಮ ಮನೆಯ ವಾಸನೆ ಅದು. ಆ ಮನೆ ಈಗ ಇಲ್ಲ. ಕುರಿದೊಡ್ಡಿ ಇದ್ದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಇದೆ. ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಉಳಿದಿರುವುದು ಈ ಪುಸ್ತಕ ಮಾತ್ರ.

ಅಪ್ಪ ಕೌತಾಳಂ ಕಡೆಯ ಕುರಿ ಕಾಯುವ ಮನೆತನದವನು. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ನನಗೆ ಹತ್ತು ವರ್ಷವಿದ್ದಾಗ ಹತ್ತಿ ಬಿಡಿಸುವ ಯಂತ್ರದ ರೋಲರಿಗೆ ಅವನ ಬಲಗೈಯ ಎರಡು ಬೆರಳು ಹೋದವು. ದೊಡ್ಡ ಸಾವುಕಾರ್ರು, ಅಂದರೆ ಶಿವರುದ್ರಪ್ಪನವರ ತಂದೆ, ಆಗಿನ್ನೂ ಇದ್ದರು. ಗಾಯ ಮಾಯ್ದ ಮೇಲೆ ಅಪ್ಪನನ್ನು ಹಿಂದಿನ ಗೋದಾಮಿಗೆ ಕರೆದೊಯ್ದರು. ಅಲ್ಲಿ ಹತ್ತಿ ಕಟ್ಟುವ ಗೋಣಿ ಬೋಂದರದಡಿ ಎರಡು ಬಾಗಿಲಿನ, ಉದ್ದ ಮೂತಿಯ, ನೆಲಕ್ಕೆ ಅಂಟಿದಂತಿದ್ದ ಒಂದು ಕಾರು ಕೂತಿತ್ತು. ಅವರ ತಮ್ಮ ತನ್ನ ಹರೆಯದಲ್ಲಿ ಬೊಂಬಾಯಿಯಿಂದ ತಂದು, ನಾಲ್ಕು ದಿನ ಓಡಿಸಿ, ಕೆಟ್ಟ ಮೇಲೆ ಬಿಟ್ಟದ್ದು. ಜಪಾನಿನದು, ರೇಸಿಗೆ ಓಡುವಂಥದ್ದು ಅನ್ನುತ್ತಿದ್ದರು. ದೊಡ್ಡ ಸಾವುಕಾರ್ರು ಎಲೆ ಅಡಿಕೆ ಅಪ್ಪನ ಕೈಗಿಟ್ಟು, "ತಗೊಂಡೋಗು ಗಾದೆಪ್ಪಾ, ಇನ್ಮ್ಯಾಲೆ ನಿಂದಽ ಅದು," ಅಂದರು. ನಮ್ಮ ಕಡೆ ಎಲೆ ಕೈಗೆ ಬಂದರೆ ಮಾತು ಮುಗಿಯಿತು. ಹೆಣ್ಣು ಕೊಡುವುದು, ಹೋರಿ ಮಾರುವುದು, ಹೊಲ ಪಾಲಿಗೆ ಹಾಕುವುದು ಎಲ್ಲವೂ ಎಲೆಯ ಮೇಲೆಯೇ ನಡೆಯುತ್ತಿತ್ತು. ಎಲೆ ಕೊಟ್ಟವರಿಗೆ "ಕಾಗದ ಎಲ್ಲಿ" ಅಂದರೆ ಅವರ ಬಾಯಿಗೆ ಹೊಡೆದಂತೆ. ಅಪ್ಪ ಕೇಳಲಿಲ್ಲ. ಮನೆಗೆ ಬಂದಾಗ ಅವ್ವ ಮಾತ್ರ ಅಂದಳು: "ಎರಡು ಬೆರಳಿಗೆ ಒಂದು ಗುಜರಿ. ಹತ್ತೂ ಹೋಗಿದ್ರ ಲಾರಿ ಕೊಡ್ತಿದ್ದರೇನೋ."

ಟ್ರಾಕ್ಟರಿಗೆ ಕಟ್ಟಿ ಎಳೆದು ತಂದು, ದೊಡ್ಡಿಯ ಕಲ್ಲುಗೋಡೆ ಒಂದು ಕಡೆ ಬಿಚ್ಚಿ ಕಾರನ್ನು ಒಳಗೆ ಬಿಟ್ಟೆವು. ಇದ್ದ ನಾಲ್ಕು ಕುರಿಗಳು ಮೊದಲ ವಾರ ಅದರ ನೆರಳಿಗೇ ಮಲಗಿದವು. ಸೀಟಿನೊಳಗೆ ಸ್ಪಂಜಿನ ಬದಲು ಇಲಿ ಗೂಡುಗಳಿದ್ದವು. ತಳದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಅಪ್ಪ ಎಣ್ಣೆ ಡ್ರಮ್ಮು ಕತ್ತರಿಸಿ ಅದೇ ತಗಡು ಬಡಿದು ಬೆಸುಗೆ ಹಾಕಿದ. ಪೆಟ್ರೋಲ್ ಟ್ಯಾಂಕಿನ ತುಕ್ಕು ಬಿಡಿಸಲು ಹೊಟ್ಟೆಯೊಳಗೆ ಬೆಣಚು ಕಲ್ಲು ತುಂಬಿ, ಕಂಬಳಿ ಸುತ್ತಿ, ಹಗ್ಗ ಕಟ್ಟಿ ಓಣಿಯ ಉದ್ದಕ್ಕೂ ಉರುಳಿಸಿದೆವು. ಗಡಗಡ ಸದ್ದಿಗೆ ಓಣಿಯ ಜನ ಹೊರಗೆ ಬಂದು, "ಏನ್ ಗಾದೆಪ್ಪಾ, ಜಾತ್ರಿಗೆ ಡೋಲು ಮಾಡ್ಸೀಯೇನು?" ಅಂದರು. ಬಿಸಿಲು ಬಣ್ಣ ತಿನ್ನಬಾರದೆಂದು ಅವ್ವ ಎರಡು ಕಂಬಳಿ ಕೂಡಿಸಿ ಹೊಲಿದು ಅದಕ್ಕೆ ಹೊದಿಕೆ ಮಾಡಿಕೊಟ್ಟಳು. ಬೈಯುತ್ತಲೇ ಹೊಲಿದಳು.

ಪುಸ್ತಕ ಸಿಕ್ಕಿದ್ದು ಕಾರಿನ ಒಳಗಿನ ಗೂಡಿನಲ್ಲಿ. ಇಂಗ್ಲಿಷಿನದು. ಅಪ್ಪನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ನಾನು ಕನ್ನಡ ಶಾಲೆಯ ಐದನೆಯ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ, ತಿಳಿಯದ ಪದವನ್ನು ಮಾರನೆಯ ದಿನ ಮೇಷ್ಟ್ರನ್ನು ಕೇಳಿಕೊಂಡು ಬರುತ್ತಿದ್ದೆ. ಅಪ್ಪ ಆ ಪುಸ್ತಕಕ್ಕೆ ಜಪಾನಪ್ಪ ಅಂತ ಹೆಸರಿಟ್ಟಿದ್ದ. ಕೈ ಎಣ್ಣೆಯಲ್ಲಿ ಅದ್ದಿರುವಾಗ ತಲೆ ಎತ್ತದೆಯೇ ಕೇಳುತ್ತಿದ್ದ: "ಮುಂದಕ್ಕ ಏನಂತಾನ?" ಜಪಾನಪ್ಪ ಅಂದದ್ದನ್ನು ನಾನು ಹೇಳುತ್ತಿದ್ದೆ, ನಾನು ಹೇಳಿದ್ದನ್ನು ಅಪ್ಪ ಚಾಚೂ ತಪ್ಪದೆ ಮಾಡುತ್ತಿದ್ದ. ಇಂಜಿನ್ ತಲೆಯ ಬೋಲ್ಟುಗಳನ್ನು ಎಷ್ಟು ಬಿಗಿಯಬೇಕು ಅನ್ನುವಲ್ಲಿ ಇಬ್ಬರೂ ಸಿಕ್ಕಿಕೊಂಡೆವು. ಒಂದು ಮೀಟರಿನ ತುದಿಗೆ ಎಂಟು ಕಿಲೋ ಅಂತ ಬರೆದಿತ್ತು. ಮೀಟರ್ ಸರಿ, ಕಿಲೋ ಸರಿ, ಎರಡೂ ಕೂಡಿ ಬೋಲ್ಟಿಗೆ ಏನು ಸಂಬಂಧ? ಮೂರು ದಿನ ಕೆಲಸ ನಿಂತಿತು. ನಾಲ್ಕನೆಯ ದಿನ ಅಪ್ಪ ಸ್ಪ್ಯಾನರಿಗೆ ಒಂದು ಮೀಟರ್ ಉದ್ದದ ಪೈಪು ತೊಡಿಸಿ, ತುದಿಗೆ ಹತ್ತಿ ತೂಗುವ ಸ್ಪ್ರಿಂಗ್ ಕಾಟಾ ಕಟ್ಟಿ ಎಳೆದ. "ಮುಳ್ಳು ಎಂಟಕ್ಕ ಬಂದಾಗ ಕೂಗು ನಾಗೀ." ನಾನು ಕೂಗಿದೆ. ಮುಂದೆ ಕಾಲೇಜಿನಲ್ಲಿ ಟಾರ್ಕ್ ಅನ್ನುವ ಪಾಠ ಬಂದಾಗ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ನನ್ನ ಕಣ್ಣು ತುಂಬಿತ್ತು. ಪಕ್ಕದವಳು ಕಣ್ಣಿಗೆ ಸೀಮೆಸುಣ್ಣದ ಪುಡಿ ಬಿತ್ತೇನೆ ಅಂದಳು.

ಆರು ವರ್ಷ ಹಿಡಿಯಿತು. ಎರಡು ಕಾರ್ಬುರೇಟರುಗಳ ಉಸಿರು ಒಂದೇ ಸಮ ಬರುವಂತೆ, ರಬ್ಬರ್ ನಳಿಕೆಯ ಒಂದು ತುದಿ ಅವುಗಳ ಬಾಯಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು, ಅಪ್ಪ ಕಣ್ಣು ಮುಚ್ಚಿ ಕೂರುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಇಂಜಿನ್ ಎರಡು ಸಲ ಕೆಮ್ಮಿ, ಕರಿ ಹೊಗೆ ಉಗುಳಿ, ಆಮೇಲೆ ಹದವಾಗಿ ಗುನುಗತೊಡಗಿತು. ಕುರಿಗಳು ಬಿಚ್ಚಿದ ಗೋಡೆಯ ಸಂದಿಯಿಂದ ಹೊರಗೆ ಓಡಿದವು. ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಆ ಹಿಟ್ಟಿನ ಗುರುತನ್ನು ಅಪ್ಪ ಬಹಳ ದಿನ ಒರೆಸಲಿಲ್ಲ. ಅಲ್ಲಿಂದ ಪ್ರತಿ ಭಾನುವಾರ ಅದನ್ನು ಚಾಲೂ ಮಾಡಿ, ಬಿಸಿಯಾಗಲು ಬಿಟ್ಟು, ಎಣ್ಣೆ ನೋಡಿ, ಗಾಲಿ ಸ್ವಲ್ಪ ತಿರುಗಿಸಿ ನಿಲ್ಲಿಸುವುದು ನಮ್ಮ ಮನೆಯ ಪೂಜೆಯಂತಾಯಿತು.

ತಪ್ಪು ಮಾಡಿದ್ದು ಆಯುಧ ಪೂಜೆಯ ದಿನ. ಯಾವ ಯಂತ್ರ ಸರಿ ಮಾಡಿದರೂ ಮೊದಲ ತೆಂಗಿನಕಾಯಿ ಮಿಲ್ಲಿನ ಮುಂದೆಯೇ ಒಡೆಯಬೇಕು ಅನ್ನುವುದು ಫಿಟ್ಟರುಗಳ ಪದ್ಧತಿ. ದೊಡ್ಡ ಸಾವುಕಾರ್ರು ಅಷ್ಟು ಹೊತ್ತಿಗೆ ಫೋಟೋ ಆಗಿ, ಹಾರ ಹಾಕಿಸಿಕೊಂಡು ಗೋಡೆ ಸೇರಿದ್ದರು. "ಎಲಿ ಕೊಟ್ಟವ್ರಿಗೆ ತೋರ್ಸದಿದ್ರ ಹ್ಯಾಂಗ?" ಅಂತ ಅಪ್ಪ ಕಾರನ್ನು ತಾನೇ ಓಡಿಸಿಕೊಂಡು ಹೋಗಿ ಆ ಫೋಟೋದ ಎದುರಿಗೆ ನಿಲ್ಲಿಸಿದ. ಹಮಾಲರು ಈ ಸಲ ನಗಲಿಲ್ಲ. ಸಣ್ಣ ಸಾವುಕಾರ್ರು ಕಾರಿನ ಸುತ್ತ ಎರಡು ಸುತ್ತು ಹಾಕಿ, ಒಳಗೆ ಹೋದರು.

ವಾರ ಕಳೆದ ಮೇಲೆ ಡ್ರೈವರನ್ನೂ ಗುಮಾಸ್ತನನ್ನೂ ಕರೆದುಕೊಂಡು ನಮ್ಮ ದೊಡ್ಡಿಗೆ ಬಂದರು. "ಗಾಡಿ ಚೆಂದ ಮಾಡೀದಿ ಗಾದೆಪ್ಪಾ. ಇಷ್ಟ ದಿನ ಇಟ್ಕೊಂಡು ಕಾಪಾಡಿದ್ದಕ್ಕ ಬಾಳ ಉಪಕಾರ ಆತು."

"ನಿಮ್ಮ ಅಪ್ಪಾರು ಎಲಿ ಕೊಟ್ಟಿದ್ರರೀ," ಅಂದ ಅಪ್ಪ.

"ಎಲಿ ಕೊಟ್ಟಾರ. ಬುಕ್ಕು ಕೊಟ್ಟಾರೇನು?"

ಗುಮಾಸ್ತ ಕಾರಿನ ನೋಂದಣಿ ಪುಸ್ತಕ ಮುಂದೆ ಹಿಡಿದ. ಅಪ್ಪ ಅದನ್ನು ತಗೊಂಡು, ರೂಢಿಯಂತೆ ನನ್ನ ಕೈಗೆ ಕೊಟ್ಟ. "ಏನಂತಾನ ನೋಡು ನಾಗೀ."

ನಾನು ಓದಿದೆ. ಮಾಲೀಕರ ಹೆಸರು ಅಂತ ಇದ್ದಲ್ಲಿ ಮಿಲ್ಲಿನ ಹೆಸರಿತ್ತು. ಆರು ವರ್ಷ ನಾನು ಓದಿ ಹೇಳಿದ್ದನ್ನೆಲ್ಲ ನಿಜ ಅಂತ ನಂಬಿ ಮಾಡಿದ ಮನುಷ್ಯ ಅದನ್ನೂ ನಂಬಿದ. ಸುಳ್ಳು ಓದಬಹುದಿತ್ತು, ಹರಿದು ಹಾಕಬಹುದಿತ್ತು ಅಂತ ಈಗ ಅನ್ನಿಸುತ್ತದೆ. ಆಗ ನನಗೆ ಓದಲು ಮಾತ್ರ ಬರುತ್ತಿತ್ತು. ಅವ್ವ ಒಳಗಿನಿಂದ ಕೂಗಿದಳು: "ಹಂಗಾದ್ರ ಆ ಬೆರಳು ಯಾರ ಹೆಸರ್ಲೆ ಇದ್ದುವು, ಅದನ್ನೂ ಓದ್ಸು!" ಅಪ್ಪ ಕಂಬಳಿ ಮಡಚಿ, ಗಾಜು ಒರೆಸಿ, ಡ್ರೈವರಿಗೆ ಹೇಳಿದ: "ಚೋಕು ಪೂರಾ ಎಳಿಬ್ಯಾಡ್ರಿ. ಎರಡನೇ ಗೇರು ಒಂಚೂರು ಬಿಗಿ ಐತಿ, ಜಬರಿ ಮಾಡಬ್ಯಾಡ್ರಿ." ಗುಮಾಸ್ತ ಕೇಳಿದ, "ಇದರದೊಂದು ಪುಸ್ತಕ ಇತ್ತಂತಲ್ಲ, ಎಲ್ಲೈತಿ?"

"ಇಲಿ ತಿಂದ್ವುರೀ," ಅಂದ ಅಪ್ಪ. ಅವನ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು. ಪುಸ್ತಕ ಅವನ ಬೆನ್ನ ಹಿಂದೆ, ಕುರಿಗಳ ಮೇವಿನ ಕೆಳಗಿತ್ತು.

ಮುಂದೆ ಪೇಪರಿನಲ್ಲಿ ಫೋಟೋ ಬಂತು. ಕಾರಿಗೆ ಕೈ ಆನಿಸಿ ಸಣ್ಣ ಸಾವುಕಾರ್ರು ನಿಂತಿದ್ದರು. ಎರಡು ತಲೆಮಾರು ಜೋಪಾನ ಮಾಡಿದ ಕಾರು ಅಂತ ಬರೆದಿತ್ತು. ಅಪ್ಪ "ಏನಂತಾನ?" ಅಂತ ಕೇಳಿದ. ಆ ಒಂದು ಸಲ ನಾನು ಓದಲಿಲ್ಲ. ಅದನ್ನು ಹೈದರಾಬಾದಿನ ಯಾರಿಗೋ ಮಾರಿದರಂತೆ. ಅಪ್ಪ ಮತ್ತೆ ಮಿಲ್ಲಿನ ಕಡೆ ಹೋಗಲಿಲ್ಲ, ಪಂಪ್‌ಸೆಟ್ ರಿಪೇರಿಗೆ ಕೂತ. ದೊಡ್ಡಿಯ ಬಿಚ್ಚಿದ ಗೋಡೆಯನ್ನು ಮಾತ್ರ ಕಟ್ಟಿಸಲೇ ಇಲ್ಲ.

ನಾನು ಜಪಾನಪ್ಪನನ್ನು ಟ್ರಂಕಿನಲ್ಲಿ ಹಾಕಿಕೊಂಡು ಇಂಜಿನಿಯರಿಂಗ್ ಕಾಲೇಜಿಗೆ ಹೋದೆ. ಮೆಕ್ಯಾನಿಕಲ್ ತಗೊಂಡೆ. ಎರಡು ಸಲ ಫೇಲಾದೆ, ಮತ್ತೆ ಬರೆದೆ, ಪಾಸಾದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ. ಪದವಿ ಕೊಡುವ ದಿನ ಅಪ್ಪ ಬಿಳಿ ಅಂಗಿ ಹಾಕಿಕೊಂಡು, ಹೊರಗೆ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ. ನಾನು ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ. ಕೈ ಚೊಕ್ಕವಾಗಿಯೇ ಇದ್ದರೂ ಧೋತರಕ್ಕೆ ಒರೆಸಿಕೊಂಡು, ಉಳಿದ ಬೆರಳುಗಳಲ್ಲಿ ಅಂಚು ಹಿಡಿದು, ಬಹಳ ಹೊತ್ತು ನೋಡಿದ.

"ಏನಂತಾನ?"

ಓದಿ ಹೇಳಿದೆ.

"ಹೆಸರು ಯಾರದೈತಿ?"

"ನಂದಪ್ಪಾ."

ಅವನು ಅದನ್ನು ನನ್ನ ಕೈಗೆ ವಾಪಸು ಕೊಟ್ಟ. "ಇನ್ನೊಮ್ಮಿ ನೋಡವ್ವಾ," ಅಂದ, "ನಿಂದಽ ಹೌದಿಲ್ಲೋ."