ಅಕ್ಕನ ಮೂಗಿನೊಳಗಿನ ಗೋಡೆ

ಕೌದಿ ಹೊಲಿಯುತ್ತಿದ್ದ ಅಕ್ಕ ಸೂಜಿ ಕೆಳಗಿಟ್ಟು ಹುಬ್ಬುಗಳ ನಡುವೆ ಹೆಬ್ಬೆರಳಿನಿಂದ ಒತ್ತಿಕೊಂಡಳು.

"ಇಲ್ಲಿ ಕಲ್ಲ ಇಟ್ಟಂಗಾಗೇತಿ ನೋಡ, ರತ್ನಾ."

ಮೂಗು ಕಟ್ಟುವುದು ಅವಳಿಗೆ ಹೊಸದಲ್ಲ. ಈ ನೋವು ಹೊಸದು. ನಾಲ್ಕು ದಿನ ಕಾದೆವು. ಒಂದು ಕಣ್ಣು ಊದಿತು. ಬೈಲಹೊಂಗಲದ ನಮ್ಮ ಡಾಕ್ಟರು ಚೀಟಿ ಬರೆದು ಬೆಳಗಾವಿಗೆ ಕಳಿಸಿದರು.

ಅಕ್ಕ ಗಂಗವ್ವ ನನಗಿಂತ ಆರು ವರ್ಷ ದೊಡ್ಡವಳು, ಈಗ ನನ್ನ ಮನೆಯಲ್ಲೇ ಇರುತ್ತಾಳೆ. ಹದಿಮೂರು ವರ್ಷದ ಹಿಂದೆ ಅವಳನ್ನು ಸುರೇಬಾನಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಎಂಟೇ ತಿಂಗಳಿಗೆ ತಿರುಗಿ ಬಂದಳು. ಬಾಯಿ ತೆರೆದು ಉಸಿರಾಡುತ್ತಾಳೆ, ಗೊರಕೆ ಹೊಡೆಯುತ್ತಾಳೆ, ಒಳಗೇನೋ ರೋಗ ಮುಚ್ಚಿಟ್ಟು ಕೊಟ್ಟಿದ್ದಾರೆ ಎಂದು ಅತ್ತೆ ಹೇಳಿದರಂತೆ. ಗಂಡ ಅವಳ ಟ್ರಂಕನ್ನು ನಮ್ಮ ಕಟ್ಟೆಯ ಮೇಲಿಟ್ಟು, ಚಹಾವನ್ನೂ ಕುಡಿಯದೆ ಹೋದ. ಮರುವರ್ಷ ಬೇರೆ ಮದುವೆಯಾದ.

ನಾವೇನು ಕಡಿಮೆ ಮಾಡಲಿಲ್ಲ. "ಬಾಯಿ ಮುಚ್ಚಿ ಮಲಗಾಕ ಬರಂಗಿಲ್ಲೇನ ನಿನಗ?" ಎಂದು ಅವ್ವ ಬೈಯುತ್ತಿದ್ದಳು. ಅಕ್ಕನ ಕಟ್ಟಿದ ದನಿಯನ್ನು ಅಣಕಿಸಿ ಗೆಳತಿಯರನ್ನು ನಗಿಸಿದವಳು ನಾನು. ಬರೆಯಲು ನಾಚಿಕೆಯಾಗುತ್ತದೆ.

ಬೆಳಗಾವಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡು ಹೊಳ್ಳೆಗಳ ನಡುವಿನ ಗೋಡೆ ಎಡಕ್ಕೆ ಬಾಗಿತ್ತು. ಬಲಗಡೆಯಾದರೂ ಜಾಗವಿರಬೇಕಲ್ಲ? ಅಲ್ಲಿ ಒಂದು ಸಣ್ಣ ಎಲುಬು ಗಾಳಿ ತುಂಬಿಕೊಂಡು ಗುಳ್ಳೆಯಂತೆ ಉಬ್ಬಿತ್ತು. ಕಾಂಕಾ ಬುಲೋಸಾ ಎಂದರು.

"ಎರಡೂ ಕಡೆ ದಾರಿ ಸಣ್ಣದಾಗೇದರಿ. ಮ್ಯಾಲ ಧೂಳಿನ ಅಲರ್ಜಿಗೆ ಒಳಗಿನ ಪದರ ಬಾತದ. ಸೈನಸ್‌ನ್ಯಾಗ ಕೀವು ತುಂಬೇದ. ಆಪರೇಷನ್ ಮಾಡಬೇಕು."

ಅಕ್ಕ ಆಪರೇಷನ್ನಿನ ಬಗ್ಗೆ ಕೇಳಲೇ ಇಲ್ಲ. "ಇದು ರೋಗ ಏನ್ರಿ?" ಎಂದಳು.

"ಎಲುಬು ಸೊಟ್ಟ ಇರೋದು ರೋಗ ಅಲ್ಲರಿ. ಭಾಳ ಮಂದಿಗೆ ಇರತದ. ಎಲ್ಲಾರಿಗೂ ತ್ರಾಸ ಕೊಡಂಗಿಲ್ಲ." ಮಾತು ತಿಳಿಯಲಿ ಎಂದೋ ಏನೋ, ನನ್ನನ್ನೂ ಕುರ್ಚಿಯಲ್ಲಿ ಕೂಡಿಸಿ, ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. "ನೋಡ್ರಿ, ನಿಮ್ಮ ತಂಗೀದೂ ಸೊಟ್ಟನ ಅದ."

ನನ್ನದೂ.

ನನಗೆ ನೆಗಡಿ ಬಿಟ್ಟರೆ ಒಂದು ದಿನವೂ ಮೂಗು ಕಟ್ಟಿದ್ದಿಲ್ಲ. ಅದೇ ತಾಯಿಯ ಹೊಟ್ಟೆ, ಅದೇ ಬಾಗಿದ ಗೋಡೆ. ನನಗೆ ಗಂಡನ ಮನೆ ಸಿಕ್ಕಿತು, ಮಕ್ಕಳಾದವು. ಅವಳ ಪಾಲಿಗೆ ಒಂದು ಗುಳ್ಳೆ ಹೆಚ್ಚಿಗೆ ಬಂದಿತ್ತು, ಅಷ್ಟೇ. ಅಕ್ಕನ ಮುಖ ನೋಡಲು ನನ್ನಿಂದಾಗಲಿಲ್ಲ.

ಆಪರೇಷನ್ ಆಯಿತು. ಎರಡು ದಿನ ಮೂಗಿನ ತುಂಬ ಹತ್ತಿಬಟ್ಟೆಯ ಪ್ಯಾಕಿಂಗ್. ಅದನ್ನು ಎಳೆದು ತೆಗೆಯುವಾಗ ಅಕ್ಕ ನನ್ನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಿದ್ದಳು. ಆಮೇಲೆ ಹಿಡಿತ ಸಡಿಲಾಯಿತು. ತುಟಿ ಮುಚ್ಚಿದಳು. ಎದೆ ಏರಿತು, ಇಳಿಯಿತು. ಮತ್ತೆ ಏರಿತು.

"ಇಷ್ಟನ ಏನ, ರತ್ನಾ?" ಎಂದಳು. "ಇಷ್ಟಕ್ಕ ನನ್ನ ಕಳಿಸಿಬಿಟ್ಟರಾ?"

ಉತ್ತರ ಕೊಡಬೇಕಾಗಿದ್ದ ಅವ್ವ ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದಳು.

ಅಕ್ಕನ ಕಣ್ಣುಗಳು ತುಂಬಿದವು. "ಅಳಬ್ಯಾಡ್ರಿ ಅಕ್ಕಾರ, ಈಗ ಮೂಗ ಸೀನಂಗಿಲ್ಲ ನೀವು," ಎಂದಳು ನರ್ಸ್. ಅಕ್ಕ ತಲೆಯಾಡಿಸಿದಳು. ಸೆರಗಿನಿಂದ ಕಣ್ಣನ್ನಷ್ಟೇ ಒರೆಸಿಕೊಂಡು ಅಳುವನ್ನು ನುಂಗಿದಳು. ಹನ್ನೆರಡು ವರ್ಷ ನುಂಗಿ ಅವಳಿಗೆ ಅದು ರೂಢಿಯಾಗಿತ್ತು.

ಈಗ ನಾಲ್ಕು ತಿಂಗಳಾಗಿದೆ. ಎಲ್ಲವೂ ಸರಿಹೋಯಿತು ಎನ್ನಲಾರೆ. ಚಳಿ ಬಿದ್ದರೆ ಒಂದು ಹೊಳ್ಳೆ ಕಟ್ಟುತ್ತದೆ. ದಿನಾ ಸ್ಪ್ರೇ ಹಾಕಬೇಕು. ಒಗ್ಗರಣೆಯ ವಾಸನೆ ಬರುತ್ತದೆ, ಹೂವಿನದು ಇನ್ನೂ ಇಲ್ಲ. ತಲೆಯ ಕಲ್ಲು ಮಾತ್ರ ಇಳಿದಿದೆ.

ಹೋದ ವಾರ ಹೂಲಿಯಲ್ಲಿ ಕಾಕಾನ ಮಗಳ ಮದುವೆ. ಇಷ್ಟು ವರ್ಷ ಯಾರ ಮನೆಯಲ್ಲೂ ರಾತ್ರಿ ವಸ್ತಿ ಇರದ ಅಕ್ಕ, ಚೀಲದಲ್ಲಿ ಒಂದು ಚಾದರ ಮಡಚಿಟ್ಟುಕೊಂಡಳು.

"ಎರಡ ದಿನ ಇದ್ದ ಬರತೇನಿ. ಹೆಣ್ಣಮಕ್ಕಳ ಜೋಡಿನ ಮಲಗತೇನಿ."

ಬಸ್ ಹತ್ತಿದ ಮೇಲೆ ಕಿಟಕಿಯಿಂದ ಬಗ್ಗಿದಳು. "ಗೊರಕಿ ಬಂದ್ರ ಬರಲಿ ಬಿಡ," ಎಂದು ನಕ್ಕಳು.

ಬಸ್ಸು ಸವದತ್ತಿ ರಸ್ತೆಗೆ ತಿರುಗುವವರೆಗೂ ನಾನು ಅಲ್ಲೇ ನಿಂತಿದ್ದೆ.