ಇಂದೋರಿಗೆ ಜುಟ್ಟುಕಾಯಿ ಒಯ್ದದ್ದು

ಯುಗಾದಿಗೆ ಇನ್ನು ಐದು ದಿನವಿತ್ತು. ಕುಣಿಗಲ್‌ನ ಹೊರಗಿನ ಒಂದು ಕಾಯಿ ಮಂಡಿಯಲ್ಲಿ ಬೆಳಗ್ಗೆ ಬೇಗನೆ ಲಾರಿ ನಿಲ್ಲಿಸಿದೆ. ಹತ್ತು ಚಕ್ರದ ಲಾರಿ, ಗೋಣಿಚೀಲಗಳಲ್ಲಿ ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ. ಹೋಗಬೇಕಾದದ್ದು ಇಂದೋರಿಗೆ, ಸುಮಾರು ಸಾವಿರದ ಮುನ್ನೂರು ಕಿಲೋಮೀಟರ್. ನಮ್ಮ ಯುಗಾದಿಯ ದಿನವೇ ಅಲ್ಲಿ ಚೈತ್ರದ ನವರಾತ್ರಿ ಶುರುವಾಗುತ್ತದೆ. ಮನೆಮನೆಯಲ್ಲಿ ಕಳಶ ಇಡುತ್ತಾರೆ. ಕಳಶಕ್ಕೆ ಬಿರುಕಿಲ್ಲದ ಕಾಯಿಯೇ ಆಗಬೇಕು, ಹಬ್ಬದ ಹಿಂದಿನ ದಿನವೇ ಮುಟ್ಟಬೇಕು.

ನಾನು ಹದಿನಾಲ್ಕು ವರ್ಷ ತುಮಕೂರಿನಲ್ಲಿ ಶಾಲೆಯ ಬಸ್ಸು ಓಡಿಸಿದವನು. ಶಾಲೆಯವರು ಬಸ್ಸುಗಳನ್ನು ಗುತ್ತಿಗೆಗೆ ಕೊಟ್ಟ ಮೇಲೆ ಕೆಲಸ ಹೋಯಿತು. ಗುಬ್ಬಿಯಲ್ಲಿ ಕಾಯಿ ವ್ಯಾಪಾರ ಮಾಡುವ ಮಹೇಶ, ನನ್ನ ಹೆಂಡತಿ ಶಾಂತಾಳ ತಮ್ಮ, ತನ್ನ ಎರಡು ಲಾರಿಗಳಲ್ಲಿ ಒಂದಕ್ಕೆ ನನ್ನನ್ನು ಹಾಕಿಕೊಂಡ. ಮೊದಲ ಎರಡು ಟ್ರಿಪ್‌ಗಳಲ್ಲಿ ಹಳೇ ಡ್ರೈವರ್ ಒಬ್ಬರ ಪಕ್ಕ ಕೂತು ಹೋಗಿದ್ದೆ, ಎರಡೂ ಸಲ ಕೊಬ್ಬರಿ ಲೋಡು. ಈಗ ಒಬ್ಬನೇ.

"ಭಾವ, ಈ ಲೋಡ್ ಸರ್ಯಾಗ್ ಮುಟ್ಟಿದ್ರೆ ಇನ್ಮೇಲೆ ಈ ಗಾಡಿ ನಿಮ್ದೇ, ಒಬ್ರೇ ಓಡುಸ್ಕೊಳಿ" ಎಂದಿದ್ದ ಮಹೇಶ. ಮುಟ್ಟದಿದ್ದರೆ ಏನು ಎಂದು ಹೇಳಲಿಲ್ಲ. ಅಕ್ಕನ ಗಂಡನಿಗೆ ಹಾಗೆಲ್ಲ ಮುಖಕ್ಕೆ ಹೇಳುವವನಲ್ಲ. ಬೇರೆ ಡ್ರೈವರನ್ನು ಹಾಕಿ, ನನ್ನನ್ನು ಮರ್ಯಾದೆಯಿಂದಲೇ ಪಕ್ಕದ ಸೀಟಿಗೆ ಕಳಿಸುತ್ತಾನೆ, ಅಷ್ಟೆ. ನಲವತ್ತೆರಡನೇ ವಯಸ್ಸಿಗೆ ಪಕ್ಕದ ಸೀಟು. ತುಮಕೂರಿನ ಉಪ್ಪಾರಹಳ್ಳಿಯ ಮನೆಯಿಂದ ಹೊರಡುವಾಗ ಶಾಂತಾ ಬಾಗಿಲ ತನಕ ಬಂದು, "ರೀ, ಏನಾದ್ರೂ ಆಗ್ಲಿ, ನನ್ನ ತಮ್ಮನ ಮುಂದೆ ತಲೆ ತಗ್ಸೋ ಹಂಗ್ ಮಾತ್ರ ಆಗ್ಬಾರ್ದು" ಎಂದಳು.

ಕುಣಿಗಲ್‌ನಲ್ಲಿ ಅರ್ಧ ಲೋಡು. ಕೊನೆಯ ಚೀಲ ಏರಿಸಿದ ಹಮಾಲ ಟಾರ್ಪಾಲು ಎಳೆಯುತ್ತಾ, "ಸಾಮಿ, ಮೇಲ್ಗಡೆ ಹೊದ್ಸುದ್ರೆ ಸಾಕು, ಪಕ್ಕ ಬುಡಿ. ಹಸಿ ಕಾಯಿ, ಗಾಳಿ ಆಡ್ಬೇಕು" ಎಂದ. ಹೂಂ ಅಂದೆ. ಹೆಬ್ಬೂರಿನ ಮೇಲೆ ತುಮಕೂರು, ಅಲ್ಲಿಂದ ಗುಬ್ಬಿ. ಗುಬ್ಬಿಯಲ್ಲಿ ಕಡಬದ ಕಡೆಯ ಕಾಯಿ ಉಳಿದರ್ಧ ತುಂಬಿತು. ಊಟ ಮುಗಿಸಿ ಚೇಳೂರಿನ ಮೇಲೆ ಶಿರಾ ಸೇರಿ ಹೆದ್ದಾರಿ ಹತ್ತಿದೆ. ಚಿತ್ರದುರ್ಗದ ಹೊರಗೆ ಒಂದು ಪೆಟ್ರೋಲ್ ಬಂಕಿನ ಪಕ್ಕ ಮೊದಲ ರಾತ್ರಿ ಕಳೆಯಿತು.

ಶಾಲೆಯ ಬಸ್ಸಿನಲ್ಲಿ ಬೆನ್ನ ಹಿಂದೆ ಸದಾ ಗಲಾಟೆ. ಇಲ್ಲಿ ಇಂಜಿನ್ ಸದ್ದು ಬಿಟ್ಟರೆ ಏನಿಲ್ಲ. ಎರಡನೆಯ ದಿನ ಹುಬ್ಬಳ್ಳಿ ದಾಟುವವರೆಗೂ ನಾಲ್ಕೈದು ಸಲ ಹಿಂದೆ ತಿರುಗಿ, "ಕೂತ್ಕೊಳ್ರೋ" ಎನ್ನಲು ಬಾಯಿ ತೆರೆದದ್ದುಂಟು. ಬಂಕಿನ ನಲ್ಲಿಯಲ್ಲಿ ಸ್ನಾನ, ಡ್ರೈವರ್ ಸೀಟಿನ ಹಿಂದಿನ ಹಲಗೆಯ ಮೇಲೆ ಕೂತು ಲಿಂಗಪೂಜೆ, ಆಮೇಲೆ ತಿಂಡಿ. ಪೂಜೆಗೆ ಕೂತಾಗ ಒಬ್ಬ ಗಾಜು ತಟ್ಟಿ ಬೆಂಕಿಪೊಟ್ಟಣ ಕೇಳಿದ. ಬೆಳಗಾವಿಯ ಹತ್ತಿರ ಹೋಟೆಲಿನಲ್ಲಿ ಚಿತ್ರಾನ್ನ ಚೆನ್ನಾಗಿತ್ತು, ಚಹಾ ಬರೀ ಸಕ್ಕರೆ ನೀರು.

ಸಂಕೇಶ್ವರದ ಬಳಿ ಆಕಾಶ ಕಪ್ಪಾಗಿ ದಪ್ಪ ಹನಿಗಳು ಬಿದ್ದವು. ನಾನು ಹೆಬ್ಬೂರಿನ ಕೊಬ್ಬರಿ ಮನೆಯಲ್ಲಿ ಬೆಳೆದವನು. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಬತ್ತಿ ಕೊಬ್ಬರಿಯಾಗುವ ತನಕ ವರ್ಷದ ಹತ್ತಿರ ಮುಟ್ಟದೆ ಬಿಡುತ್ತಿದ್ದರು. ಹೆಂಚಿನ ಸಂದಿಯಿಂದ ಒಂದು ಹನಿ ಸೋರಿದರೂ ಅಪ್ಪ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಿದ್ದರು. ಕೊಬ್ಬರಿಗೆ ನೀರು ತಗುಲಿದರೆ ಬೂಷ್ಟು ಹಿಡಿಯುತ್ತದೆ, ಮಾರುವಂತಿಲ್ಲ. ಲಾರಿ ಪಕ್ಕಕ್ಕೆ ಹಾಕಿ, ಮಳೆಯಲ್ಲಿ ನೆನೆಯುತ್ತಲೇ ಟಾರ್ಪಾಲನ್ನು ನಾಲ್ಕೂ ಕಡೆ ಕೆಳಗಿನವರೆಗೆ ಎಳೆದು ಹಗ್ಗ ಬಿಗಿದೆ. ಇರುವೆಯಿರಲಿ, ಗಾಳಿಯೂ ಒಳಗೆ ಹೋಗಬಾರದು ಹಾಗೆ. ಕಟ್ಟಿ ಮುಗಿಸುವಷ್ಟರಲ್ಲಿ ಮಳೆ ನಿಂತಿತು. ದೂರ ನಿಂತು ನೋಡಿದೆ, ಹೆಮ್ಮೆಯಾಯಿತು. ಆ ರಾತ್ರಿ ಕರಾಡದ ಬಳಿ ಚೆನ್ನಾಗಿ ನಿದ್ದೆ ಬಂತು.

ಮೂರನೆಯ ದಿನ ಪುಣೆ. ಊರಿಗೆ ಇಳಿಯುವ ಉದ್ದನೆಯ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಬ್ರೇಕ್ ಕಳಕೊಂಡವರ ಕತೆ ಎಲ್ಲ ಡ್ರೈವರುಗಳ ಬಾಯಲ್ಲೂ ಇದೆ. ನಾನು ಶಾಲಾಮಕ್ಕಳನ್ನು ಇಳಿಸುವವನ ಹಾಗೆ ಸಣ್ಣ ಗೇರಿನಲ್ಲಿ ಇಳಿದೆ. ಹಿಂದಿನ ಕಾರುಗಳವರು ಹಾರನ್ ಬಾರಿಸಿ ಬಾರಿಸಿ ಸುಸ್ತಾದರು. ನಾಸಿಕ್ ಮುಟ್ಟುವಾಗ ಕತ್ತಲಾಗಿತ್ತು. ಬೆಳಗ್ಗೆ ಎದ್ದು ಹಗ್ಗ ಎಳೆದು ನೋಡಿದೆ, ಒಂದಿಷ್ಟೂ ಸಡಿಲವಾಗಿರಲಿಲ್ಲ.

ಧುಲೆ ದಾಟಿದ ಮೇಲೆ ಬಿಸಿಲು ಬೇರೆಯೇ ಆಯಿತು. ಕಿಟಕಿಯಿಂದ ಬರುವ ಗಾಳಿಗೆ ತುಟಿ ಒಡೆಯಿತು. ಮಧ್ಯಾಹ್ನ ಶಿರಪುರದ ಹತ್ತಿರ ಒಂದು ಬೇವಿನ ಮರದಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ನೀರು ಕುಡಿಯುತ್ತಿದ್ದಾಗ ಹಿಂದಿನಿಂದ ಟಪ್ ಎಂದಿತು. ಟೈರಿಗೆ ಸಿಕ್ಕ ಕಲ್ಲೇನೋ ಎಂದು ಇಳಿದು ನೋಡಿದೆ, ಇರಲಿಲ್ಲ. ಮತ್ತೆ ಟಪ್. ಟಾರ್ಪಾಲಿಗೆ ಕಿವಿ ಕೊಟ್ಟೆ. ಒಳಗೆ ಕಾಯಿಗಳು ಬಿರಿಯುತ್ತಿದ್ದವು.

ಒಂದು ಮೂಲೆ ಬಿಚ್ಚಿದೊಡನೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು, ಜೊತೆಗೆ ಹುಳಿ ವಾಸನೆ. ಕುಣಿಗಲ್‌ನ ಹಮಾಲ ಹೇಳಿದ್ದು ಆಗ ನೆನಪಾಯಿತು. ನಾಚಿಕೆಯಾಯಿತು. ಮಹೇಶನಿಗೆ ಫೋನ್ ಮಾಡಲು ಮೊಬೈಲ್ ತೆಗೆದೆ. ಬಿಸಿಲಿಗೆ ಒಡೆಯಿತು ಎಂದು ಇಂದೋರಿನಲ್ಲಿ ಹೇಳಿದರೂ ನಡೆಯುತ್ತಿತ್ತು. ಶಾಂತಾ ಬಾಗಿಲಲ್ಲಿ ಹೇಳಿದ್ದು ನೆನಪಾಗಿ ಮೊಬೈಲನ್ನು ಜೇಬಿಗೆ ಹಾಕಿದೆ. ಒಳಗೆ ಇನ್ನೊಂದು ಕಾಯಿ ಬಿರಿಯಿತು. ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಮಳೆ ಬಂತು ಅಂತ ಪೂರ್ತಿ ಮುಚ್ಬುಟ್ರಾ? ಭಾವ, ಹಸಿ ಕಾಯ್ಗೆ ನೀರ್ ಬಿದ್ರೆ ಒಳ್ಳೇದು. ಕೊಬ್ರಿ ಅನ್ಕೊಂಡ್ರಾ?"

"ಹೂಂ ಕಣೋ."

"ಎಲ್ಲಾ ಬಿಚ್ಚಿ. ಒಡ್ದಿರೋದ್ನ ಬೇರೆ ಮಾಡಿ. ಚೀಲಕ್ಕೆಲ್ಲ ನೀರ್ ಹೊಡ್ದು, ಸಂದಿ ಬಿಟ್ಟು ಜೋಡ್ಸಿ. ಹೊತ್ತು ಮುಳ್ಗೋಗಂಟ ನೆಳ್ಳಲ್ಲೇ ಇರ್ಲಿ" ಎಂದು ಫೋನ್ ಇಟ್ಟುಬಿಟ್ಟ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ರಸ್ತೆಯಾಚೆ ಲಾರಿ ತೊಳೆಯುವ ಜಾಗವಿತ್ತು. ನಡೆಸುವಾತ ಬಿಳಿಮೀಸೆಯ ಮುದುಕ. ನಾನು ಲಾರಿ ತಂದು ನಿಲ್ಲಿಸಿದ್ದೇ ತಡ, ಪೈಪು ಹಿಡಿದು ಚಕ್ರಕ್ಕೆ ನೀರು ಬಿಟ್ಟ. "ಗಾಡಿ ನಹೀ, ನಾರಿಯಲ್ ಧೋನಾ ಹೈ" ಎಂದೆ, ಗಾಡಿಯಲ್ಲ, ತೆಂಗಿನಕಾಯಿ ತೊಳೆಯಬೇಕು ಅಂತ. ಆತ ಪೈಪು ಕೆಳಗಿಳಿಸಿ, ನನಗೆ ತಲೆ ನೆಟ್ಟಗಿದೆಯೋ ಎಂದು ಒಂದು ಕ್ಷಣ ನೋಡಿದ. ಟಾರ್ಪಾಲು ತೆಗೆದು ತೋರಿಸಿದ ಮೇಲೆ ಅರ್ಥವಾಯಿತು. ಲಾರಿಯನ್ನು ತನ್ನ ತಗಡಿನ ಚಪ್ಪರದಡಿ ಹಾಕಿಸಿದ. ಮೇಲಿನ ಚೀಲಗಳನ್ನು ನಾನು ಇಳಿಸಿದೆ, ಅವನು ನೀರು ಹೊಡೆದ, ಇಬ್ಬರೂ ಕೂತು ಬಿರಿದ ಕಾಯಿ ಆರಿಸಿದೆವು. ಹುಳಿ ಹತ್ತದ ಒಡೆದ ಕಾಯಿಗಳನ್ನು ಚಹಾಕ್ಕೆ ನಿಂತ ಡ್ರೈವರುಗಳು ಬೆಲ್ಲದ ಜೊತೆ ಬಾರಿಸಿದರು. ಲಾರಿ ತೊಳೆಯುವುದಕ್ಕೆ ಏನು ರೇಟೋ ಅದನ್ನೇ ಮುದುಕ ತೆಗೆದುಕೊಂಡ, ಒಂದು ರೂಪಾಯಿ ಹೆಚ್ಚಿಲ್ಲ. ಸೊಂಟ ಹಿಡಿದುಹೋಗಿತ್ತು. ಬಿಸಿಲಿಳಿದ ಮೇಲೆ ಪಕ್ಕಗಳನ್ನು ಬಿಟ್ಟು ಟಾರ್ಪಾಲು ಹೊದಿಸಿ, ಬಿಜಾಸನ ಘಾಟಿ ಹತ್ತಿ ಸೇಂಧವಾದಲ್ಲಿ ಮಲಗಿದೆ.

ಐದನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಇಂದೋರ್ ಮುಟ್ಟಿದೆ. ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಯಿ ತರಿಸಿದ್ದ ಸೇಠ್ ಸ್ಥೂಲಕಾಯದವರು, ಚೀಲ ಬಿಚ್ಚಿಸಿ ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಸದ್ದು ಕೇಳಿದರು. ನಾನು ಆರಿಸಿ ತೆಗೆದದ್ದಲ್ಲದೆ ಇನ್ನೂ ಎರಡು ಚೀಲದಷ್ಟು ಪಕ್ಕಕ್ಕೆ ಹೋಯಿತು. ನಂತರ ಫೋನಿನಲ್ಲಿ ಮಹೇಶನ ಜೊತೆ ಬಹಳ ಹೊತ್ತು ಮಾತಾಡಿದರು. ಪಾನಿ, ಡ್ರೈವರ್, ಇಷ್ಟು ಮಾತ್ರ ನನಗೆ ತಿಳಿಯಿತು. ಒಮ್ಮೆ ನಕ್ಕರು. ಯಾವುದಕ್ಕೆ ನಕ್ಕರು ಎಂದು ಕೇಳುವಷ್ಟು ಹಿಂದಿ ನನಗಿರಲಿಲ್ಲ. ಮರುದಿನ, ಯುಗಾದಿಯಂದು, ವಾಪಸು ಲೋಡಿಗೆ ಕಾಯುತ್ತಿದ್ದಾಗ ಮಂಡಿಯ ಮುಂದೆ ಹೆಂಗಸರು ಕೆಂಪು ಬಟ್ಟೆ ಸುತ್ತಿದ ಜುಟ್ಟುಕಾಯಿ ಹಿಡಿದು ಹೋಗುತ್ತಿದ್ದರು. ಗುಬ್ಬಿಯ ಕಾಯಿಯೋ ಬೇರೆಯದೋ ಯಾರಿಗೆ ಗೊತ್ತು, ನೋಡುತ್ತಾ ನಿಂತೆ. ಆ ಹೊತ್ತು ಮನೆಯ ನೆನಪು ಬಲವಾಗಿ ಬಂತು.

ವಾಪಸು ಬೆಂಗಳೂರಿಗೆ ಬೆಳ್ಳುಳ್ಳಿ ಲೋಡು. ದಾರಿಯುದ್ದಕ್ಕೂ ಮಹೇಶ ಡೀಸೆಲ್, ಟೋಲ್ ಬಗ್ಗೆ ಮಾತ್ರ ಮಾತಾಡಿದ. ಕಾಯಿಯ ಸುದ್ದಿ ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಪ್ರತಿ ಸಲ ಫೋನ್ ಇಟ್ಟ ಮೇಲೆ ಪಕ್ಕದ ಖಾಲಿ ಸೀಟನ್ನು ನೋಡುತ್ತಿದ್ದೆ.

ಬೆಂಗಳೂರಿನಲ್ಲಿ ಲೋಡು ಇಳಿಸಿ ತುಮಕೂರಿಗೆ ಬಂದಾಗ ಭಾನುವಾರ. ಶಾಂತಾ ನನಗಾಗಿ ಮತ್ತೊಮ್ಮೆ ಹೋಳಿಗೆ ಮಾಡಿದ್ದಳು. ಮಹೇಶನೂ ಗುಬ್ಬಿಯಿಂದ ಊಟಕ್ಕೆ ಬಂದಿದ್ದ. ಅರ್ಧ ಊಟವಾಗುವವರೆಗೂ ಬಿಸಿಲಿನ ಮಾತು, ರಸ್ತೆಯ ಮಾತು. ಆಮೇಲೆ ಅವನು ತಟ್ಟೆ ನೋಡುತ್ತಾ ಕೇಳಿದ:

"ಭಾವ, ಕಾಯಿ ಒಡೀತೈತೆ ಅಂತ ದಾರೀಲೇ ಫೋನ್ ಮಾಡುದ್ರಲ್ಲ, ಅದ್ಕೇ ಲೋಡ್ ಉಳೀತು. ಸೇಠ್‌ಗೂ ಅದ್ನೇ ಹೇಳ್ದೆ. ಆದ್ರೂ... ಮುಂದಿನ್ ಟ್ರಿಪ್‌ಗೆ ಇನ್ನೊಬ್ಬ ಡ್ರೈವರ್ನ ಹಾಕ್ಲಾ? ನೀವ್ ಹೆಂಗ್ ಹೇಳುದ್ರೆ ಹಂಗೆ."

ಅವನು ತೀರ್ಮಾನ ಮಾಡಿದ್ದರೆ ಸುಲಭವಾಗುತ್ತಿತ್ತು.

"ಬ್ಯಾಡ ಕಣೋ. ಒಬ್ನೇ ಹೋಗ್ತೀನಿ" ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಶಾಂತಾ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ತಮ್ಮನ ಕಡೆ ತಿರುಗಿದಳು.

"ಕೇಳುಸ್ತಲ್ಲ ಮಹೇಶ? ಲೋಡಿಂಗ್ ಯಾವತ್ತು ಹೇಳು."